ಅತ್ತಿಗೆಯ ಇಟ್ಟಿಗೆ

ನಮ್ಮ ಅತ್ತಿಗೆಯ ಬಲಗೈಗೆ ಹೇಳಿ ಕೇಳಿ ಕೆಲಸ ಮಾಡುವ ಅಭ್ಯಾಸವಿಲ್ಲ. ಗಟ್ಟಿಯಾಗಿ ಹಿಡಿದಿದೆ ಎಂದು ನಂಬಿ ನೀವು ಅತ್ತ ತಿರುಗುವಷ್ಟರಲ್ಲಿ ಅದು ಬಿಟ್ಟಿರುತ್ತದೆ. ನಮ್ಮ ಮನೆಯ ಸ್ಟೀಲ್ ಲೋಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದಾದರೂ ಅಲ್ಲಾಡದೆ ನಿಲ್ಲುವುದಿಲ್ಲ. ಗಾಜಿನ ಲೋಟಗಳ ಮಾತು ಬಿಡಿ, ಅವು ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಯಿತು.

ಅಣ್ಣನ ಹೆಂಡತಿಯಾದ್ದರಿಂದ ಅತ್ತಿಗೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ಅವಳು ಇವಳು ಅಂತಲೇ ಬರೆಯುತ್ತೇನೆ. ಬಹುವಚನ ಹಾಕಿ ಬರೆದರೆ, "ಏನು ಕಣೇ, ನನ್ನನ್ನ ಮುದುಕಿ ಮಾಡ್ಬಿಟ್ಟಿದ್ದೀಯ" ಎಂದು ಜಗಳಕ್ಕೇ ಬಂದಾಳು. ಜಗಳಕ್ಕೆ ಬರುವುದರಲ್ಲಿ ಅವಳು ಯಾವತ್ತೂ ಹಿಂದೆ ಬಿದ್ದವಳಲ್ಲ.

ಕೈ ಹುಟ್ಟಿನಿಂದ ಹಾಗಿರಲಿಲ್ಲ. ಒಂದು ಮಧ್ಯಾಹ್ನ ವ್ಯಾನಿನ ಬಾಗಿಲು ಅವಳ ಮಣಿಕಟ್ಟಿನ ಮೇಲೆ ಮುಚ್ಚಿಕೊಂಡಿತು. ಮೂಳೆ ಕೂಡಿಕೊಂಡಿತು, ನರ ಕೂಡಲಿಲ್ಲ. ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಹಿಡಿತವೇ ಹೋಯಿತು. ಡಾಕ್ಟರು "ಇನ್ನು ಇಷ್ಟೇಮ್ಮ" ಅಂದರು. "ಇಷ್ಟಾದ್ರೂ ಇದೆಯಲ್ಲ" ಎಂದು ಇವಳು ಎದ್ದು ಬಂದಳು. ಮನೆಗೆ ಬಂದ ಮೇಲೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಳು ಅನ್ನುವುದು ನನಗೆ ಗೊತ್ತು. ನನಗೆ ಗೊತ್ತಿದೆ ಅನ್ನುವುದು ಅವಳಿಗೆ ಗೊತ್ತಿಲ್ಲ.

ಅವಳ ಕೆಲಸ ಕಿವಿ ಪರೀಕ್ಷೆ. ಇಡೀ ದಿನ ಗದ್ದಲದಲ್ಲಿ ದುಡಿಯುವ ಜನರ ಹತ್ತಿರ, ಅಂದರೆ ಪ್ರಿಂಟಿಂಗ್ ಪ್ರೆಸ್ಸು, ಮರ ಕೊಯ್ಯುವ ಮಿಲ್ಲು, ತಗಡು ಬಡಿಯುವ ವರ್ಕ್‌ಶಾಪು, ಇಂಥ ಕಡೆ ಇವಳೇ ಹೋಗಬೇಕು. ಒಂದು ಲ್ಯಾಪ್‌ಟಾಪು, ದಪ್ಪ ಮೆತ್ತೆಯ ಒಂದು ಹೆಡ್‌ಫೋನು. ಹೆಡ್‌ಫೋನ್ ಹಾಕಿ ಕೂರಿಸಿ ಸಣ್ಣ ಸಣ್ಣ ಶಬ್ದ ಕೊಡುತ್ತಾಳೆ. ಕೇಳಿಸಿದರೆ ಕೈ ಎತ್ತಬೇಕು, ಅಷ್ಟೇ. ಕೇಳಲು ಸುಲಭ. ಆದರೆ ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳುವ ಗಂಡಸು ಇನ್ನೂ ಹುಟ್ಟಿಲ್ಲ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅನ್ನುತ್ತಾರೆ, ಅದನ್ನೂ ಕಿರುಚಿ ಹೇಳುತ್ತಾರೆ. ಅಂಥವರನ್ನು ಪುಸಲಾಯಿಸಿ, ರೇಗಿಸಿ, ಬೈದು ಕುರ್ಚಿಯ ಮೇಲೆ ಕೂರಿಸುವ ಕಲೆ ಅವಳಿಗೆ ಬರುತ್ತದೆ. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಬೆಳಗ್ಗೆ ಚೀಲ ಹೆಗಲಿಗೇರಿಸಿ ಹೊರಟರೆ ಅವಳ ನಡಿಗೆಯೇ ಬೇರೆಯಾಗುತ್ತಿತ್ತು.

ಕೈ ಹೀಗಾದ ಮೇಲೂ ಅವಳು ಬಿಡಲಿಲ್ಲ. ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡಳು. ಆದರೆ ಲ್ಯಾಪ್‌ಟಾಪ್ ಚೀಲದೊಳಗೇ ಇದ್ದು ಕೆಲಸ ಮಾಡುವುದಿಲ್ಲವಲ್ಲ. ಹೊರಗೆ ತೆಗೆಯಬೇಕು, ಒಬ್ಬರ ಹತ್ತಿರದಿಂದ ಇನ್ನೊಬ್ಬರ ಹತ್ತಿರಕ್ಕೆ ಒಯ್ಯಬೇಕು. ಪ್ರೆಸ್ಸಿನ ಮೊಗಸಾಲೆಯಲ್ಲಿ ಮೊದಲನೆಯದು ಬಿತ್ತು. ತೆಳ್ಳಗೆ, ಬೆಳ್ಳಗೆ, ಮುಟ್ಟಿದರೆ ಮಾಸುವ ಹಾಗಿದ್ದ ಹೊಸ ಯಂತ್ರ. ಮೂಲೆ ನೆಲಕ್ಕೆ ತಾಗಿತು, ಪರದೆಯ ತುಂಬ ಬಿರುಕು ಹರಡಿತು. ಎರಡನೆಯದನ್ನು ಅವಳು ಬೀಳಿಸಲೇ ಇಲ್ಲ. ಮೇಜಿನ ಮೇಲಿತ್ತು. ಮಿಲ್ಲಿನ ಯಾವನೋ ಚಾರ್ಜರ್ ವೈರಿಗೆ ಕಾಲು ಕೊಟ್ಟ, ಯಂತ್ರ ಅವನ ಹಿಂದೆಯೇ ಬಂತು. ಓಡುತ್ತಿದ್ದ ಯಂತ್ರ ಬಿದ್ದಿದ್ದರಿಂದ ಒಳಗಿನ ಡಿಸ್ಕೂ ಹೋಯಿತು, ಅಷ್ಟು ಜನರ ಪರೀಕ್ಷೆಯೂ ಹೋಯಿತು. ಆಫೀಸಿನಲ್ಲಿ ಯಾರೂ ವೈರಿನ ಸುದ್ದಿ ಕೇಳಲಿಲ್ಲ. ಎಲ್ಲರೂ ಅವಳ ಕೈ ನೋಡಿದರು.

ಅವಳ ಸಾಹೇಬರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು, ನಾಲ್ಕು ಮಾತು ಬೈದು ಬರುತ್ತಿದ್ದಳು. ಅವರು ಕರೆದು, ಕೂರಿಸಿ, ಫ್ಯಾನು ಜೋರು ಮಾಡಿ, "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಮ್ಮ. ಇನ್ಮೇಲೆ ಒಳಗೇ ಕೂತ್ಕೊಳ್ಳಿ. ಬೇರೆಯವರು ಪರೀಕ್ಷೆ ಮಾಡಿ ತರ್ತಾರೆ, ನೀವು ಕಂಪ್ಯೂಟರಿಗೆ ತುಂಬಿಸಿದ್ರೆ ಸಾಕು" ಅಂದರು.

"ನನಗೆ ಹೋಗಿರೋದು ಕೈ ಸರ್. ಕಾಲಲ್ಲ, ಬಾಯಲ್ಲ."

"ಅದಕ್ಕೇ ಅಲ್ವಾ, ಇರೋದನ್ನಾದ್ರೂ ಜೋಪಾನ ಮಾಡೋಣ ಅಂತ."

ಆ 'ಜೋಪಾನ' ಅನ್ನುವ ಮಾತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತಂತೆ. ಒಂದೇ ಪಟ್ಟು ಹಿಡಿದಳು, ಇನ್ನೊಂದು ಅವಕಾಶ ಬೇಕು ಅಂತ. ಸಾಹೇಬರು ತಲೆ ಕೆರೆದುಕೊಂಡರು. ಕೊನೆಗೆ, "ಸರಿ. ಆದ್ರೆ ಹೊಸದು ಕೊಡೋಕಾಗಲ್ಲ. ಸ್ಟೋರ್ ರೂಮಲ್ಲಿ ಹಳೇದೊಂದಿದೆ, ಬೇಕಾದ್ರೆ ತಗೊಳ್ಳಿ. ಅದೂ ಬಿದ್ದು ಕೆಟ್ರೆ ಮಾತಿಲ್ಲ, ಮೇಜಿನ ಕೆಲಸವೇ" ಅಂದರು.

ಹಾಗೆ ಬಂತು ನಮ್ಮ ಮನೆಗೆ ಇಟ್ಟಿಗೆ. ಹೆಸರಿಟ್ಟದ್ದು ನಾನು. ಕಪ್ಪಗೆ, ದಪ್ಪಗೆ, ಎತ್ತಿಕೊಳ್ಳಲು ಒಂದು ಹಿಡಿ ಬೇರೆ. ಕಟ್ಟಡ ಕಟ್ಟುವ ಜಾಗಗಳಲ್ಲಿ ಬಳಸಲೆಂದು ಮಾಡಿದ ಯಂತ್ರವಂತೆ. ಆಫೀಸಿನಲ್ಲಿ ಎಲ್ಲರಿಗೂ ತೆಳುವಾದದ್ದೇ ಬೇಕಾಗಿ ಇದು ಮೂಲೆ ಸೇರಿತ್ತು. ಮೂಲೆಗಳಿಗೆ ಹಾಕಿದ್ದ ರಬ್ಬರ್ ಒಣಗಿ ಉದುರಿ, ಬರೀ ಗಮ್ಮಿನ ಕಲೆ ಉಳಿದಿತ್ತು. ಆನ್ ಮಾಡಿದರೆ ಗಿರಣಿಯ ಹಾಗೆ ಸದ್ದು. ಆದರೂ ಕೆಲಸ ಮಾಡುತ್ತಿತ್ತು.

ಇಲ್ಲಿ ನಮ್ಮ ಅಮ್ಮನ ಬಗ್ಗೆ ಹೇಳಬೇಕು. ಅಮ್ಮ ಕೌದಿ ಹೊಲಿಯುವವಳು. ಹಳೆಯ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಉದ್ದಕ್ಕೂ ಸೂಜಿಯೋಡಿಸಿ, ಚಳಿಗೆ ಹೊದೆಯುವ ಕೌದಿ ಮಾಡುತ್ತಾಳೆ. ಅವಳ ಪ್ರಕಾರ ಲೋಕದ ಎಲ್ಲ ತೊಂದರೆಗೂ ಔಷಧಿ ಒಂದೇ, ಬೆಚ್ಚಗೆ ಹೊದ್ದು ಮಲಗುವುದು. ಮೇಜಿನ ಕೆಲಸದ ವಿಷಯ ಕೇಳಿದ ಕೂಡಲೇ ಅವಳು ಸಾಹೇಬರ ಕಡೆಗೇ ಸೇರಿಬಿಟ್ಟಳು.

"ನೆರಳಲ್ಲಿ ಕೂತ್ಕೊಂಡು ಮಾಡೋ ಕೆಲಸ ಕೊಡ್ತೀನಿ ಅಂದ್ರೆ ಬೇಡ ಅನ್ನೋರುಂಟೇನೇ? ನಿನ್ನ ತಲೇಲಿ ಏನಿದೆ?"

"ನೆರಳಲ್ಲಿ ಕೂತ್ರೆ ಬೂಷ್ಟು ಹಿಡಿಯುತ್ತೆ ಅತ್ತೆ."

"ನಿನ್ನ ಗಂಡನಾದ್ರೂ ಸ್ವಲ್ಪ ಹೇಳ್ಬಾರ್ದಾ!"

ಅಣ್ಣ ಲಾರಿ ಡ್ರೈವರ್. ಹೆಂಡತಿಗೂ ಅಮ್ಮನಿಗೂ ಮಾತು ಬೆಳೆದಾಗ ಲಾರಿಯ ಟೈರು ನೋಡಿ ಬರುತ್ತೇನೆಂದು ಹೊರಗೆ ಹೋಗುವುದು ಅವನ ಪದ್ಧತಿ. ಆ ದಿನವೂ ಹೋದ.

ಅತ್ತಿಗೆ ಯಾರಿಗೂ ಸೊಪ್ಪು ಹಾಕಲಿಲ್ಲ. ರಜೆಯ ದಿನ ನೋಡಿ, ನಡುಮನೆಯ ಬಾಗಿಲು ಹಾಕಿ, ಇಟ್ಟಿಗೆಯನ್ನು ಬೀಳಿಸಲು ಶುರು ಮಾಡಿದಳು. ನಾನು ಅಂಗಡಿಯಿಂದ ಬಂದಾಗ ಒಳಗಿನಿಂದ ಧಡ್ ಧಡ್ ಎಂದು ಸದ್ದು. ನನಗೊಂದು ಚಿಕ್ಕ ಪುಸ್ತಕ ಪೆನ್ನಿನ ಅಂಗಡಿಯಿದೆ, ಮಧ್ಯಾಹ್ನ ಊಟಕ್ಕೆ ಬರುತ್ತೇನೆ. ಬಾಗಿಲು ತೆಗೆದು ನೋಡಿದರೆ ಮಂಚದ ಅಂಚಿನಿಂದ ಹಾಸಿಗೆಯ ಮೇಲಕ್ಕೆ ಅದನ್ನು ದಬ್ಬುತ್ತಿದ್ದಾಳೆ.

"ನಿನಗೇನು ಹುಚ್ಚಾ? ಇದು ಕೆಟ್ರೆ ನಿನ್ನ ಕೆಲಸ ಹೋಗುತ್ತೆ."

"ಬೀಳೋದಂತೂ ಬೀಳುತ್ತೆ ಕಣೇ, ನನ್ನ ಕೈ ನನಗೆ ಗೊತ್ತು. ಹೇಗೆ ಬಿದ್ರೆ ಉಳಿಯುತ್ತೆ ಅಂತ ನೋಡ್ಬೇಡ್ವಾ?"

ಹಾಗೆ ನೋಡಿ ನೋಡಿ ಅವಳಿಗೆ ಕೆಲವು ಸಂಗತಿ ಗೊತ್ತಾದವು. ಚಪ್ಪಟೆಯಾಗಿ ಬಿದ್ದರೆ ಪರವಾಗಿಲ್ಲ, ಮೂಲೆ ತಾಗಿದರೆ ಕಷ್ಟ. ಕೀಗಳ ಮೇಲೆ ಪೆನ್ನು ಮರೆತು ಮುಚ್ಚಳ ಮುಚ್ಚಿದರೆ ಬೀಳದೆಯೂ ಪರದೆ ಒಡೆಯುತ್ತದೆ. ಬಿದ್ದ ಕೂಡಲೇ ಹೆದರಿ ಗುಂಡಿಗಳನ್ನೆಲ್ಲ ಒತ್ತಬಾರದು, ಎತ್ತಿ ಒಂದು ಕ್ಷಣ ಸುಮ್ಮನಿರಬೇಕು. ಒಳಗಿನ ಡಿಸ್ಕನ್ನು ಬದಲಾಯಿಸಿ, ಒಳಗೇನೂ ತಿರುಗದ, ಬಿದ್ದರೂ ಕೆಡದ ಹೊಸ ಬಗೆಯದನ್ನು ಹಾಕಿಸಿಕೊಂಡಳು. ರಿಪೇರಿ ಅಂಗಡಿಯವನು ಯಂತ್ರವನ್ನು ನೋಡಿ ನಕ್ಕನಂತೆ. ಅವನ ಕಿವಿ ಪರೀಕ್ಷೆಯನ್ನೂ ಮಾಡಿ ಬಂದಳು.

ಮೂಲೆಗಳಿಗೇನು ಮಾಡುವುದು ಅನ್ನುವಾಗ ಅಮ್ಮ ಗೊಣಗುತ್ತಲೇ ಬಂದು ಕೂತಳು. "ಕೆಲಸಕ್ಕೆ ಹೋಗು ಅಂತ ಹೇಳ್ತಿಲ್ಲ ನಾನು. ಆ ಧಡ್ ಧಡ್ ಸದ್ದು ಕೇಳೋಕಾಗ್ತಿಲ್ಲ, ಅದಕ್ಕೆ" ಎಂದು ಅಳತೆ ತೆಗೆದುಕೊಂಡಳು. ದಿಂಬಿಗೆ ಹಾಕುವ ಹಾಗೆ ಒಂದು ಗವಸು ಹೊಲಿದಳು. ಕೌದಿಯಷ್ಟೇ ದಪ್ಪ. ನಾಲ್ಕು ಮೂಲೆಗೂ ಬಟ್ಟೆಯ ಸುರುಳಿಗಳನ್ನು ಬಿಗಿಯಾಗಿ ಸುತ್ತಿ ಒಳಗಿಟ್ಟು ಹೊಲಿದಿದ್ದಳು. ಮುಂದಿನ ಭಾಗ ಬಿಚ್ಚಿಕೊಳ್ಳುತ್ತಿತ್ತು, ಹಾಗಾಗಿ ಕೆಲಸ ಮಾಡುವಾಗಲೂ ಗವಸನ್ನು ತೆಗೆಯಬೇಕಾಗಿರಲಿಲ್ಲ. ಹಸಿರು, ಕೆಂಪು, ಚೌಕುಳಿ ತುಂಡುಗಳು ಸೇರಿ ಇಟ್ಟಿಗೆ ಮದುವಣಗಿತ್ತಿಯ ಹಾಗೆ ಕಂಡಿತು. ಅತ್ತಿಗೆ ಅಮ್ಮನ ಕೆನ್ನೆಗೆ ಮುತ್ತು ಕೊಟ್ಟಳು. "ಥೂ, ದೂರ ಹೋಗೇ" ಎಂದು ಅಮ್ಮ ಕೆನ್ನೆ ಒರೆಸಿಕೊಂಡಳು.

ಆಮೇಲೆ ಇಟ್ಟಿಗೆ ಬೀಳದ ಜಾಗವಿಲ್ಲ. ಮಿಲ್ಲಿನಲ್ಲಿ ಮರದ ಹೊಟ್ಟಿನ ಮೇಲೆ ಬಿತ್ತು, ಬಸ್ಸಿನ ಮೆಟ್ಟಿಲಲ್ಲಿ ಬಿತ್ತು. ಪ್ರೆಸ್ಸಿನ ಮಹಡಿ ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಕೆಳಗಿನ ತನಕ ಹೋಯಿತು, ಕೆಲಸದವರೆಲ್ಲ ಉಸಿರು ಬಿಗಿಹಿಡಿದು ನಿಂತರಂತೆ. ಇವಳು ನಿಧಾನಕ್ಕೆ ಇಳಿದು ಹೋಗಿ, ಎತ್ತಿಕೊಂಡು, ಮುಚ್ಚಳ ತೆಗೆದು, "ಹ್ಞಾಂ, ಯಾರದು ಮುಂದಿನ ಕಿವಿ?" ಅಂದಳಂತೆ. ಅಂದಿನಿಂದ ಅವಳಿಗೆ 'ಬೀಳ್ಸೋ ಮೇಡಂ' ಎಂದು ಹೆಸರು ಬಿತ್ತು. ಅವಳಿಗೆ ಅದರಿಂದ ಹೆಮ್ಮೆಯೇ. ಮುಖದೆದುರೇ ಹಾಗೆ ಕರೆದರೂ ನಗುತ್ತಿದ್ದಳು.

ಈ ಹೆಸರು ಸಾಹೇಬರ ಕಿವಿಗೂ ಬಿತ್ತು. ಅವರಿಗೆ ಇದು ತಮಾಷೆಯಾಗಿ ಕಾಣಲಿಲ್ಲ. ನಾನೇ ಬಂದು ಒಂದು ದಿನ ನಿಮ್ಮ ಕೆಲಸ ನೋಡುತ್ತೇನೆ, ಯಂತ್ರ ಸರಿಯಾಗಿಲ್ಲದಿದ್ದರೆ ಮೇಜಿನ ವಿಷಯ ಅಲ್ಲೇ ತೀರ್ಮಾನ ಅಂದರು. ತಗಡಿನ ವರ್ಕ್‌ಶಾಪಿಗೆ ಬರುವುದೆಂದು ಗೊತ್ತಾಯಿತು.

ಅದರ ಹಿಂದಿನ ದಿನ ನಮ್ಮ ಮನೆಗೆ ನೆಂಟರು ಬಂದಿದ್ದರು. ಮಕ್ಕಳು ಮನೆ ತುಂಬ ಓಡುತ್ತಿದ್ದವು. ಅತ್ತಿಗೆ ಇಟ್ಟಿಗೆಯನ್ನು ಆನ್ ಮಾಡಿ, ಮರುದಿನಕ್ಕೆ ಸಿದ್ಧಪಡಿಸುತ್ತ ಕೂತಿದ್ದವಳು, ಅವರನ್ನು ಬಸ್ಸಿಗೆ ಹತ್ತಿಸಲು ಹೋದಳು. ಆ ಯಂತ್ರ ಮುಚ್ಚಳ ಮುಚ್ಚಿದರೂ ಆರುತ್ತಿರಲಿಲ್ಲ. ಪರೀಕ್ಷೆಯ ನಡುವೆ ಎತ್ತಿ ಒಯ್ಯುವಾಗ ನಿಲ್ಲಬಾರದೆಂದು ಅವಳೇ ಹಾಗೆ ಮಾಡಿಕೊಂಡಿದ್ದಳು. ಅಮ್ಮನಿಗೆ ಅದೆಲ್ಲ ಎಲ್ಲಿ ಗೊತ್ತು? ನಾಳೆ ಸೊಸೆಗೆ ದೊಡ್ಡ ದಿನ, ಇವತ್ತು ಇದಕ್ಕೇನೂ ಆಗಬಾರದು ಎಂದು ಮುಚ್ಚಳ ಮುಚ್ಚಿದಳು, ಗವಸಿನ ಗುಂಡಿ ಹಾಕಿದಳು, ಮಂಚದ ಮೇಲಿಟ್ಟು ಅದರ ಮೇಲೆ ತನ್ನ ಅತ್ಯಂತ ದಪ್ಪ ಕೌದಿ ಹೊದಿಸಿ, ಸುತ್ತಲೂ ಅಂಚನ್ನು ಒಳಕ್ಕೆ ಸಿಕ್ಕಿಸಿದಳು. ನಮ್ಮನ್ನು ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಾಗೇ ಮಲಗಿಸುತ್ತಿದ್ದಳು.

ಅತ್ತಿಗೆ ಬಂದು ಕೌದಿ ಎತ್ತಿದವಳು ಕೈ ಹಿಂದಕ್ಕೆಳೆದುಕೊಂಡಳು. ಇಟ್ಟಿಗೆ ಕಾದ ಹೆಂಚಿನ ಹಾಗಿತ್ತು. ಒಳಗಿನಿಂದ ಸುಟ್ಟ ವಾಸನೆ. ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

"ನಾನು ಜೋಪಾನವಾಗಿ ಇಟ್ಟಿದ್ದೆ ಕಣೇ" ಅಂದಳು ಅಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು.

"ಯಾರು ಕೇಳಿದ್ರು ನಿಮ್ಮನ್ನ?" ಅತ್ತಿಗೆ ಅತ್ತೆಯ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. "ಅಲ್ಲಿ ಬಿತ್ತು, ಇಲ್ಲಿ ಬಿತ್ತು, ಮೆಟ್ಟಿಲಿಂದ ಉರುಳ್ತು. ಏನೂ ಆಗ್ಲಿಲ್ಲ ಅತ್ತೆ. ನೀವು ಹೊದಿಸಿ ಮಲಗಿಸಿದ್ರಿ ನೋಡಿ, ಸತ್ತೋಯ್ತು. ನನ್ನನ್ನೂ ಹೀಗೇ ಮಲಗಿಸ್ಬೇಕು ಅಂತ ತಾನೇ ನೀವೂ ಆ ಸಾಹೇಬ್ರೂ ಸೇರ್ಕೊಂಡು ಹೇಳ್ತಿರೋದು?"

ಅಮ್ಮ ಮಂಚದ ಅಂಚಿಗೆ ಕೂತು ಆ ಗವಸನ್ನು ತೊಡೆಯ ಮೇಲಿಟ್ಟುಕೊಂಡಳು. ನನಗೆ ಇಬ್ಬರನ್ನೂ ನೋಡಿ ಸಂಕಟವಾಯಿತು. ಒಬ್ಬಳು ತಪ್ಪಿದ್ದು ಪ್ರೀತಿಯಿಂದ, ಇನ್ನೊಬ್ಬಳ ಮಾತು ನಿಜ, ನಾನು ಯಾರ ಪರ ವಹಿಸಲಿ? ಸುಮ್ಮನೆ ಇಟ್ಟಿಗೆಯನ್ನು ಕಿಟಕಿಯ ಹತ್ತಿರ ಗಾಳಿಗೆ ಇಟ್ಟೆ.

ಅದು ತಣ್ಣಗಾಗುವ ಹೊತ್ತಿಗೆ ಕತ್ತರಿಯ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅಮ್ಮ ಗವಸನ್ನು ಕತ್ತರಿಸುತ್ತಿದ್ದಾಳೆ. ತಾನು ಹೊಲಿದು ಮುಗಿಸಿದ್ದನ್ನು ಅಮ್ಮ ಕತ್ತರಿಸಿದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಬದಿಗಳಲ್ಲಿ, ಕೆಳಗೆ, ಯಂತ್ರ ಬಿಸಿ ಗಾಳಿ ಬಿಡುವ ಕಡೆಯೆಲ್ಲ ಅಗಲವಾಗಿ ಕಿಂಡಿ ತೆಗೆದು, ಅಂಚುಗಳನ್ನು ಮಡಚಿ ಹೊಲಿದಳು. ಮೂಲೆಗಳನ್ನು ಮಾತ್ರ ಹಾಗೇ ಬಿಟ್ಟಳು. ದಾರವನ್ನು ಹಲ್ಲಿನಿಂದ ಕಡಿದು, ಗವಸನ್ನು ಸೊಸೆಯ ಮುಂದಿಟ್ಟಳು.

"ಈಗ ಉಸಿರಾಡುತ್ತೆ. ನಾಳೆ ನೀನು ಹೋಗು. ಯಾರು ಏನೇ ಅಂದ್ರೂ ಹೋಗು."

ಅತ್ತಿಗೆ ಅಮ್ಮನ ಪಕ್ಕ ಹೋಗಿ ಕೂತಳು. "ಜೋರಾಗಿ ಮಾತಾಡ್ಬಿಟ್ಟೆ ಅತ್ತೆ" ಅಂದಳು. "ನನ್ನ ಕಿವಿ ಇನ್ನೂ ಚೆನ್ನಾಗಿದೆ, ಅಷ್ಟು ಕಿರುಚ್ಬೇಕಾಗಿರ್ಲಿಲ್ಲ" ಅಂದಳು ಅಮ್ಮ. ಇಬ್ಬರೂ ನಕ್ಕು ಅತ್ತರು, ನಾನೂ ಅತ್ತೆ.

ಚಾರ್ಜರ್ ಸಿಕ್ಕಿಸಿದಾಗ ಇಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ದೀಪ ಹತ್ತಿತು. ಗುಂಡಿ ಒತ್ತಿದರೆ ಗಿರಣಿ ಶುರುವಾಯಿತು! ಆದರೆ ಬ್ಯಾಟರಿ ಮಾತ್ರ ಹೋಗೇಬಿಟ್ಟಿತ್ತು. ವೈರು ಎಳೆದರೆ ಯಂತ್ರ ಆರಿಹೋಗುತ್ತಿತ್ತು. ಗೋಡೆಗೆ ಕಟ್ಟಿಹಾಕಿಕೊಂಡೇ ಕೆಲಸ ಮಾಡಬೇಕು. ವೈರೆಂದರೆ ಏನು ಅನ್ನುವುದು ಅವಳಿಗೆ ಮಿಲ್ಲಿನಲ್ಲೇ ಗೊತ್ತಾಗಿತ್ತು. ಆದರೂ, "ನಡಿ, ನೋಡೇಬಿಡೋಣ" ಅಂದಳು.

ಮರುದಿನ ನಾನು ಅಂಗಡಿಯ ಬಾಗಿಲು ಹಾಕಿ ಅವಳ ಜೊತೆಗೆ ಹೋದೆ. ಅಮ್ಮನ ಅಪ್ಪಣೆ. ತಗಡಿನ ವರ್ಕ್‌ಶಾಪೆಂದರೆ ಒಳಗೆ ಕಾಲಿಡುವ ಮೊದಲೇ ತಲೆಯೊಳಗೆ ಸುತ್ತಿಗೆ ಬಡಿದ ಹಾಗೆ. ಹಿಂದುಗಡೆ ಡಬ್ಬಗಳನ್ನು ಪೇರಿಸಿಟ್ಟ ಒಂದು ಕೋಣೆ ಕೊಟ್ಟಿದ್ದರು, ಬಾಗಿಲು ಹಾಕಿದರೆ ಸ್ವಲ್ಪ ನೆಮ್ಮದಿ. ಪ್ಲಗ್ಗಿದ್ದದ್ದು ಬಾಗಿಲ ಪಕ್ಕದಲ್ಲಿ, ಮೇಜಿದ್ದದ್ದು ಎದುರು ಗೋಡೆಗೆ. ಮೇಜು ತುಕ್ಕು ಹಿಡಿದು ನೆಲಕ್ಕೆ ಕಚ್ಚಿತ್ತು, ನಾವಿಬ್ಬರೂ ಸೇರಿ ದೂಡಿದರೂ ಕದಲಲಿಲ್ಲ. ವೈರು ನಡುವೆ ಅಡ್ಡಕ್ಕೆ ಬಂತು. ಅತ್ತಿಗೆ ಅದರ ಮೇಲೆ ಒಂದು ಕೆಂಪು ಬಟ್ಟೆ ಹಾಕಿದಳು, ಎಲ್ಲರಿಗೂ ಕಾಣಲಿ ಅಂತ.

ಸಾಹೇಬರು ಬಂದರು. ಇಟ್ಟಿಗೆಯನ್ನೂ ಅದರ ಬಣ್ಣದ ಗವಸನ್ನೂ ನೋಡಿ ಹುಬ್ಬೇರಿಸಿದರು. "ಇದಿನ್ನೂ ಓಡುತ್ತಾ?"

"ಓಡುತ್ತೆ ಸರ್. ವೈರ್ ನೋಡ್ಕೊಳ್ಳಿ."

ಮೊದಲ ಸರದಿ ವಯಸ್ಸಾದ ಮೇಸ್ತ್ರಿಯದು. ಆಯುಷ್ಯವೆಲ್ಲ ತಗಡು ಬಡಿದ ಮನುಷ್ಯ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತರು. ಅತ್ತಿಗೆ ಶಬ್ದ ಕೊಟ್ಟಳು. ಅವರು ಕೈ ಎತ್ತಲಿಲ್ಲ. ಇನ್ನೂ ಸ್ವಲ್ಪ ಜೋರು ಮಾಡಿದಳು. ಇಲ್ಲ. ಸಾಹೇಬರು ಹಿಂದೆ ಮುಂದೆ ಓಡಾಡುತ್ತ ನೋಡುತ್ತಿದ್ದರು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಅದನ್ನು ಕಿವಿಗಿಟ್ಟು ಬಾಗಿಲ ಕಡೆಗೆ ತಿರುಗಿದರು.

"ಸರ್, ವೈರ್!"

ಕೇಳಿಸಲಿಲ್ಲ. ಕಾಲು ಸಿಕ್ಕಿಕೊಂಡಿತು. ಸಾಹೇಬರು ಡಬ್ಬಗಳ ರಾಶಿ ಹಿಡಿದುಕೊಂಡು ಹೇಗೋ ನಿಂತರು. ಇಟ್ಟಿಗೆ ಮೇಜಿನಿಂದ ಹಾರಿ, ಸಿಮೆಂಟ್ ನೆಲಕ್ಕೆ ಮೂಲೆ ಕೊಟ್ಟು ಬಿತ್ತು. ಒಂದೆರಡು ಡಬ್ಬ ಉರುಳಿ ಸುಮ್ಮನಾದವು.

ಆ ಮೌನದಲ್ಲಿ ಮೇಸ್ತ್ರಿ, ಕಣ್ಣು ಮುಚ್ಚಿಕೊಂಡೇ, ಕೈ ಎತ್ತಿದರು. ಅವರಿಗೆ ಕೇಳಿಸಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗಲಿಲ್ಲ. ಸಾಹೇಬರು ಪೆಚ್ಚಾಗಿ, "ಅಯ್ಯೋ, ನಾನು ನೋಡ್ಲಿಲ್ಲ" ಅಂದರು.

"ಪರವಾಗಿಲ್ಲ ಸರ್, ಎತ್ತಿ ಕೊಡಿ. ಎರಡೂ ಕೈಲಿ ಹಿಡ್ಕೊಳ್ಳಿ, ಭಾರ ಇದೆ."

ಸಾಹೇಬರು ಬಗ್ಗಿ ಎತ್ತಿದರು, ಮಗುವನ್ನು ಎತ್ತುವಷ್ಟು ಎಚ್ಚರದಿಂದ. ಅವಳು ಅದನ್ನು ಮೇಜಿನ ಮೇಲಿಡಿಸಿ, ಒಂದು ಕ್ಷಣ ಸುಮ್ಮನಿದ್ದು, ವೈರು ಸಿಕ್ಕಿಸಿ ಗುಂಡಿ ಒತ್ತಿದಳು. ಗಿರಣಿಯ ಸದ್ದು ಶುರುವಾಯಿತು. ಪರದೆಯಲ್ಲಿ ಬೆಳಕು ಬಂತು. ಒಂದು ಗೀರೂ ಇಲ್ಲ. ಗವಸಿನ ಆ ಮೂಲೆಗೆ ಮಾತ್ರ ಸಿಮೆಂಟಿನ ಧೂಳು ಹತ್ತಿತ್ತು, ಅದನ್ನು ಎಡಗೈಯಿಂದ ಕೊಡವಿದಳು.

"ಆವತ್ತು ಮಿಲ್ಲಲ್ಲಿ ಬೀಳಿಸಿದ್ದೂ ವೈರೇ ಸರ್. ನಾನಲ್ಲ. ಆಗ ಯಾರೂ ಕೇಳ್ಲಿಲ್ಲ. ಈಗ ನಿಮ್ಮ ಕೈಯಿಂದ, ಅಲ್ಲ, ಕಾಲಿಂದ ಬಿತ್ತು. ನಿಮ್ಮನ್ನೂ ಮೇಜಿಗೆ ಹಾಕೋಣ್ವಾ?"

ಮೇಸ್ತ್ರಿ ಹೆಡ್‌ಫೋನ್ ತೆಗೆದು ನೋಡುತ್ತಿದ್ದರು. ಬಾಗಿಲ ಹತ್ತಿರ ಕೆಲಸದವರು ಸೇರಿದ್ದರು. ಸಾಹೇಬರು ಮುಖ ಒರೆಸಿಕೊಂಡು, "ನಾನು ಹೇಳಿದ್ದು ನಿಮ್ಮ ಒಳ್ಳೇದಕ್ಕೇ ಅಲ್ವೇನಮ್ಮ" ಅಂದರು. ಮೊದಲಿನ ದನಿ ಇರಲಿಲ್ಲ.

"ಗೊತ್ತು ಸರ್. ನಮ್ಮತ್ತೆನೂ ಇದರ ಒಳ್ಳೇದಕ್ಕೇ ನಿನ್ನೆ ಕೌದಿ ಹೊದಿಸಿದ್ರು, ಸುಟ್ಟೇ ಹೋಗ್ತಿತ್ತು. ಬನ್ನಿ, ಕೂತ್ಕೊಳ್ಳಿ."

"ನಾನಾ?"

"ವೈರ್ ಅಂತ ಕೂಗಿದ್ದು ನಿಮಗೆ ಕೇಳಿಸ್ಲಿಲ್ಲ. ನೋಡ್ಬೇಡ್ವಾ?"

ಬೇಡ ಅನ್ನುವ ಹಾಗಿರಲಿಲ್ಲ, ಅಷ್ಟು ಜನ ನೋಡುತ್ತಿದ್ದರು. ಮೇಸ್ತ್ರಿ ಎದ್ದು ಜಾಗ ಬಿಟ್ಟುಕೊಟ್ಟರು. ಸಾಹೇಬರು ಕೂತು ಹೆಡ್‌ಫೋನ್ ಹಾಕಿಕೊಂಡರು. ಅತ್ತಿಗೆ ಶಬ್ದ ಕೊಟ್ಟಳು, ಕೈ ಎತ್ತಿದರು. ಇನ್ನೂ ಸಣ್ಣ ಶಬ್ದ ಕೊಟ್ಟಳು, ಆಗಲೂ ಎತ್ತಿದರು. ಕಿವಿ ಚೆನ್ನಾಗಿಯೇ ಇತ್ತು. ಆಮೇಲೆ ಅವಳು ಅವರ ಹಿಂದೆ ಹೋಗಿ ನಿಂತು, ಆ ಹಿಡಿತವಿಲ್ಲದ ಬಲಗೈಯಿಂದಲೇ ಹೆಡ್‌ಫೋನಿನ ಒಂದು ಕಡೆಯನ್ನು ಸ್ವಲ್ಪ ಸರಿಸಿದಳು.

"ನಾನು ಮೇಜಿಗೆ ಬರಲ್ಲ ಸರ್" ಅಂದಳು, ಬಹಳ ಮೆಲ್ಲಗೆ.

ಸಾಹೇಬರು ಮೇಜಿನ ಮೇಲಿದ್ದ ಇಟ್ಟಿಗೆಯನ್ನು ನೋಡಿದರು. ಆಮೇಲೆ ಕೈ ಎತ್ತಿದರು.